ನಮ್ಮವರೇ ಅಂತೆ: ಮುಂಬಯಿ ಕನ್ನಡಿಗರ ವಂಶಶೋಧ

ಮುಂಬಯಿಯ ಕರಾವಳಿ ಕನ್ನಡಿಗರ ಮದುವೆ ಮನೆಯಲ್ಲಿ ಹೊಸಬರ ಪರಿಚಯವಾದ ಎರಡನೆಯ ನಿಮಿಷಕ್ಕೆ ಬರುವ ಪ್ರಶ್ನೆ, "ನೀವು ಯಾರ ಪೈಕಿ?" ಕೆಲಸ, ಫ್ಲ್ಯಾಟು, ಮಕ್ಕಳ ಓದು ಎಲ್ಲ ಆಮೇಲಿನ ಮಾತು. ಮೊದಲು ಊರು, ಮನೆ, ಅಜ್ಜನ ಹೆಸರು. ಹೀಗೆ ಕೆದಕುತ್ತ ಹೋದರೆ ಪಾಯಸ ಬಡಿಸುವುದರೊಳಗೆ ಒಬ್ಬ ದೊಡ್ಡ ಮನುಷ್ಯ ಸಿಕ್ಕೇ ಸಿಗುತ್ತಾನೆ. ಗುರುದತ್ತ ನಮ್ಮವರೇ ಅಂತೆ, ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಅಜ್ಜಿಯ ಕಡೆಯವರಂತೆ, ಜಾರ್ಜ್ ಫೆರ್ನಾಂಡಿಸ್ ನಮ್ಮ ನೆರೆಮನೆಯಲ್ಲೇ ಆಡಿ ಬೆಳೆದವರಂತೆ.

ಅದೇ ಪಂಕ್ತಿಯಲ್ಲಿ ಯಾರೂ ಹೆಸರೆತ್ತದ ನೆಂಟರೂ ಇರುತ್ತಾರೆ. ಮತಾಂತರವಾದ ಮುತ್ತಜ್ಜ, ಮರುಮದುವೆಯಾದ ಅತ್ತೆ, ಜೈಲು ಕಂಡ ದೊಡ್ಡಪ್ಪ. ವಂಶಾವಳಿ ಬರೆಯಲು ಕೂತವರಿಗೆ ಮೊದಲನೆಯ ಗುಂಪಿನವರು ತಾವಾಗಿ ಸಿಗುತ್ತಾರೆ, ಎರಡನೆಯವರನ್ನು ಹುಡುಕಬೇಕಾಗುತ್ತದೆ. ಕಳೆದ ಒಂದೂವರೆ ಶತಮಾನದಲ್ಲಿ ಈ ಎರಡು ಗುಂಪುಗಳ ನಡುವೆ ಎಷ್ಟೋ ಮಂದಿ ಜಾಗ ಬದಲಿಸಿದ್ದಾರೆ. ಒಂದು ತಲೆಮಾರು ಮುಚ್ಚಿಟ್ಟ ಹೆಸರನ್ನು ಮೊಮ್ಮಕ್ಕಳು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು.

ನಿಜವಾದ ನಂಟುಗಳಿಂದಲೇ ಶುರು ಮಾಡೋಣ. 1949ರಿಂದ 1957ರವರೆಗೆ, ಒಂದು ರೂಪಾಯಿಯದನ್ನು ಬಿಟ್ಟು ಉಳಿದ ನೋಟುಗಳ ಮೇಲೆ ಗವರ್ನರ್ ಆಗಿ ಸಹಿ ಹಾಕಿದವರು ಬೆನಗಲ್ ರಾಮರಾವ್. ಆ ಕುರ್ಚಿಯಲ್ಲಿ ಅವರಷ್ಟು ಕಾಲ ಕೂತವರು ಇನ್ನೊಬ್ಬರಿಲ್ಲ. ಅಣ್ಣ ನರಸಿಂಗರಾವ್ ಸಂವಿಧಾನ ರಚನಾ ಸಭೆಯ ಸಲಹೆಗಾರರು. ತಮ್ಮ ಶಿವರಾವ್ ಪತ್ರಕರ್ತರು, ಅದೇ ಸಭೆಯ ಸದಸ್ಯರು. ಒಬ್ಬ ವೈದ್ಯರ ಮೂವರು ಮಕ್ಕಳು.

ಇನ್ನು ಗುರುದತ್ತ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಸಂತಕುಮಾರ ಶಿವಶಂಕರ ಪಡುಕೋಣೆ ಕಲ್ಕತ್ತೆಯಲ್ಲಿ ಬೆಳೆದರು, ಮುಂಬಯಿಯಲ್ಲಿ ಸಿನಿಮಾ ಮಾಡಿದರು. ಪಡುಕೋಣೆ ಬಿಟ್ಟುಹೋಗಿ ಗುರುದತ್ತ ಮಾತ್ರ ಉಳಿದಾಗ ಅರ್ಧ ದೇಶ ಅವರನ್ನು ಬಂಗಾಳಿ ಎಂದೇ ನಂಬಿತು. ತಾಯಿ ವಾಸಂತಿ ಪಡುಕೋಣೆ ಮಗನ ಬಗ್ಗೆ ಪುಸ್ತಕ ಬರೆದದ್ದು ಕನ್ನಡದಲ್ಲಿ. ತಂಗಿ ಲಲಿತಾ ಲಾಜ್ಮಿ ಚಿತ್ರಕಲಾವಿದೆ, ಅವರ ಮಗಳು ಕಲ್ಪನಾ ಲಾಜ್ಮಿ ನಿರ್ದೇಶಕಿ. ನಿರ್ದೇಶಕ ಶ್ಯಾಮ್ ಬೆನಗಲ್ ಕೂಡ ನೆಂಟರೇ. ಶ್ಯಾಮ್ ಅವರ ತಂದೆಯ ತಾಯಿ, ಗುರುದತ್ತರ ತಾಯಿಯ ತಾಯಿ, ಇಬ್ಬರೂ ಅಕ್ಕತಂಗಿಯರು. ಹಿಂದಿ ಸಿನಿಮಾದ ಚರಿತ್ರೆ ಬರೆದವರು ಈ ನಂಟನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಅದನ್ನು ಕಟ್ಟಿಕೊಟ್ಟ ಆ ಇಬ್ಬರು ಅಜ್ಜಿಯರ ಹೆಸರು ಮಾತ್ರ ಅಚ್ಚಾಗುವುದು ಅಪರೂಪ.

ಇಲ್ಲೇ ಹುಡುಕಾಟದ ಮೊದಲನೆಯ ತೊಡಕು ಕಾಣುತ್ತದೆ. ಇವರೆಲ್ಲ ಸೇರಿದ ಚಿತ್ರಾಪುರ ಸಾರಸ್ವತ ಸಮುದಾಯದ ಕುಲನಾಮಗಳಲ್ಲಿ ಹೆಚ್ಚಿನವು ಊರಿನ ಹೆಸರುಗಳು: ತ್ರಾಸಿ, ಬಿಜೂರು, ಹಟ್ಟಿಯಂಗಡಿ, ಹಳದೀಪುರ, ಮಂಕೀಕರ, ಕೈಕಿಣಿ. ಪಡುಕೋಣೆ ಎಂದರೆ ಕುಂದಾಪುರದ ಉತ್ತರಕ್ಕಿರುವ ಹಳ್ಳಿ. ಗುರುದತ್ತರಿಗೂ ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆಯವರಿಗೂ ಹೆಸರು ಒಂದೇ ಎಂಬುದರಿಂದ ಹಿರಿಯರು ಒಂದು ಕಾಲಕ್ಕೆ ಒಂದೇ ಊರಿನಲ್ಲಿದ್ದರು ಎಂದಷ್ಟೇ ಗೊತ್ತಾಗುತ್ತದೆ. ಮಂಗಳೂರಿನ ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವರಾಯರನ್ನೂ ನಾಟಕಕಾರ ಗಿರೀಶ ಕಾರ್ನಾಡರನ್ನೂ ಒಂದೇ ಮನೆಗೆ ಸೇರಿಸುವವರು ಈಗಲೂ ಇದ್ದಾರೆ. ಮೂಲ್ಕಿಯ ಪಕ್ಕದ ಕಾರ್ನಾಡು ಇಬ್ಬರಿಗೂ ಹೆಸರು ಕೊಟ್ಟಿತು, ಅಷ್ಟೇ.

ತದ್ವಿರುದ್ಧದ ಉದಾಹರಣೆಯೂ ಮುಂಬಯಿಯಲ್ಲೇ ಇದೆ. ಹೊನ್ನಾವರದಲ್ಲಿ ಹುಟ್ಟಿ, 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಬೊಂಬಾಯಿ ಹೈಕೋರ್ಟಿನ ನ್ಯಾಯಮೂರ್ತಿಯಾದವರು ಸರ್ ನಾರಾಯಣ ಚಂದಾವರ್ಕರ್. 1906ರಲ್ಲಿ ಶುರುವಾದ ಶಾಮರಾವ್ ವಿಠ್ಠಲ್ ಸಹಕಾರಿ ಬ್ಯಾಂಕು ಯಾರ ಹೆಸರು ಹೊತ್ತಿದೆಯೋ ಆ ಶಾಮರಾವ್ ವಿಠ್ಠಲ ಕೈಕಿಣಿ ಅವರ ಸೋದರಮಾವ. ಕುಲನಾಮ ನೋಡಿದರೆ ಇಬ್ಬರಿಗೂ ಸಂಬಂಧವೇ ಇಲ್ಲ. ಹೆಣ್ಣಿನ ಕಡೆಯಿಂದ ಹೋದರೆ ಒಂದೇ ಮನೆ. ಗಾಯಕಿ ಸುಮನ್ ಕಲ್ಯಾಣಪುರ ಹುಟ್ಟುಹೆಸರಿನಿಂದ ಹೆಮ್ಮಾಡಿಯವರು. ಮದುವೆಯ ದಿನ ಒಂದು ಊರು ಹೋಗಿ ಇನ್ನೊಂದು ಊರು ಬಂತು. ಹೀಗೆ ಹೆಸರು ಬದಲಾದಲ್ಲೆಲ್ಲ ಮುಂದಿನವರ ಹುಡುಕಾಟ ಕಡಿಯುತ್ತದೆ.

ಹೆಸರಾಂತ ನೆಂಟ ಸಿಕ್ಕ ಸಂಭ್ರಮಕ್ಕೆ ಲೆಕ್ಕ ಸ್ವಲ್ಪ ತಣ್ಣೀರು ಎರಚುತ್ತದೆ. ಒಬ್ಬರಿಗೆ ಹತ್ತು ತಲೆಮಾರಿನ ಹಿಂದೆ 1,024 ಪೂರ್ವಜರ ಸ್ಥಾನಗಳಿರುತ್ತವೆ. ಇಪ್ಪತ್ತು ತಲೆಮಾರು ಹಿಂದೆ ಹೋದರೆ ಹತ್ತು ಲಕ್ಷ ದಾಟುತ್ತದೆ. ಒಳಗೊಳಗೇ ಮದುವೆಯಾಗುತ್ತ ಬಂದ ಸಣ್ಣ ಸಮುದಾಯದಲ್ಲಿ ಅಷ್ಟು ಬೇರೆ ಬೇರೆ ಜನ ಇರಲು ಸಾಧ್ಯವೇ ಇಲ್ಲ. ಒಬ್ಬನೇ ಹಿರಿಯ ನಾಲ್ಕಾರು ದಾರಿಯಿಂದ ಮತ್ತೆ ಮತ್ತೆ ಬರುತ್ತಾನೆ. ಆದ್ದರಿಂದ ಚಿತ್ರಾಪುರ ಸಾರಸ್ವತರಂಥ ಕಿರಿದಾದ ಸಮುದಾಯದಲ್ಲಿ ಯಾರನ್ನು ಹಿಡಿದರೂ ಐದಾರು ಹೆಜ್ಜೆಯಲ್ಲಿ ಒಬ್ಬ ಪ್ರಸಿದ್ಧರ ಬಾಗಿಲಿಗೆ ಬಂದು ನಿಲ್ಲಬಹುದು. ಬಾರದೇ ಹೋದರೇ ಆಶ್ಚರ್ಯ.

ಈ ಸಮುದಾಯ ತನ್ನ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಂಡದ್ದೂ ಒಂದು ಕಾರಣ. 1911ರಲ್ಲಿ ಮುಂಬಯಿಯಲ್ಲಿ ಕೆನರಾ ಸಾರಸ್ವತ ಅಸೋಸಿಯೇಷನ್ ಹುಟ್ಟಿತು. 1915ರಲ್ಲಿ ಗಾಂವದೇವಿಯಲ್ಲಿ ಸಹಕಾರಿ ವಸತಿ ಸಂಘ ಬಂತು, ಆಮೇಲೆ ತಾಡದೇವದಲ್ಲಿ ತಲ್ಮಕಿವಾಡಿ. ಒಂದೇ ಚಾಳು, ಒಂದೇ ಬ್ಯಾಂಕು, ಒಂದೇ ಮಾಸಪತ್ರಿಕೆ. ಸಮುದಾಯದ ಜನಗಣತಿ ನಡೆಸಿ ಮನೆಮನೆಯ ವಿವರವುಳ್ಳ ಡೈರೆಕ್ಟರಿಯನ್ನೂ ಅಚ್ಚು ಹಾಕಿಸಿದರು. ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್ಲನ್ 1700ರಿಂದ 1935ರವರೆಗಿನ ಈ ಜಾತಿಯ ಚರಿತ್ರೆಯನ್ನು 1977ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಮಂಗಳೂರಿನ ಕ್ಯಾಥೊಲಿಕರಿಗೆ ಇಗರ್ಜಿಯ ಪುಸ್ತಕಗಳಿವೆ. ಜ್ಞಾನಸ್ನಾನ, ಮದುವೆ, ಸಾವು, ಮೂರೂ ಅದರಲ್ಲಿ ದಾಖಲು. ಇವನ್ನೆಲ್ಲ ಹೊಂದಿಸಿ ಮೈಕಲ್ ಲೋಬೊ ಎಂಬ ಸಂಶೋಧಕರು ಸಾವಿರಕ್ಕೂ ಹೆಚ್ಚು ಕುಟುಂಬಗಳ ವಂಶಾವಳಿ ಕೋಶವನ್ನು ತಯಾರಿಸಿದ್ದಾರೆ. ಆದರೂ ಬಹಳಷ್ಟು ಮನೆಗಳ ಕಥೆ 1784ರ ಹತ್ತಿರ ಬಂದು ಮುಗ್ಗರಿಸುತ್ತದೆ. ಆ ವರ್ಷ ಟಿಪ್ಪುಸುಲ್ತಾನ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ.

ಬಂಟರು, ಬಿಲ್ಲವರು, ಮೊಗವೀರರ ವಿಷಯಕ್ಕೆ ಬಂದರೆ ನಕ್ಷೆಯೇ ಬೇರೆ. ಮುಂಬಯಿಯಲ್ಲಿ 1902ರಿಂದ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಿಂದ ಬಂಟರ ಸಂಘ, 1932ರಿಂದ ಬಿಲ್ಲವರ ಅಸೋಸಿಯೇಷನ್ ಇವೆ. ಇವರ ಹಳೆಯ ವಂಶಲೆಕ್ಕ ಅಳಿಯಸಂತಾನದ್ದು. ಮಗುವಿನ ಬಳಿ ಅಥವಾ ಬರಿ, ಅಂದರೆ ಕುಲ, ತಾಯಿಯದು. ಮನೆಯ ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ. ಮುಂಬಯಿಯ ಶಾಲೆ, ರೇಷನ್ ಕಾರ್ಡು, ಪಾಸ್‌ಪೋರ್ಟುಗಳಿಗೆ ಇದ್ಯಾವುದೂ ಬೇಡ. ಅಲ್ಲೆಲ್ಲ ಬಹುಕಾಲ ತಂದೆಯ ಹೆಸರಿನ ಕಲಮೇ ಮುಖ್ಯವಾಗಿತ್ತು. ಆ ಕಾಗದಗಳನ್ನು ನಂಬಿ ತಂದೆ, ತಂದೆಯ ತಂದೆ ಎಂದು ಹತ್ತಿದ ಮೊಮ್ಮಗ ಎರಡನೆಯ ಮೆಟ್ಟಿಲಲ್ಲೇ ತನ್ನ ಕುಟುಂಬದ ಮನೆಯಿಂದ ಹೊರಗೆ ಬಿದ್ದಿರುತ್ತಾನೆ. ಅವನ ಪೂರ್ವಿಕರ ಗುತ್ತಿನ ಮನೆ ಅಮ್ಮನ ಅಮ್ಮನ ಊರಿನಲ್ಲಿದೆ. ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿಯುವ ಮೈಟೋಕಾಂಡ್ರಿಯದ ಡಿಎನ್‌ಎ ಸಾಗುವುದೂ ಬಳಿಯ ದಾರಿಯಲ್ಲೇ. ಹಾಗಾಗಿ ವಂಶಾವಳಿಯ ಹವ್ಯಾಸಿಗಳು ಈಚೆಗೆ ಮಾಡಿಸಿಕೊಳ್ಳುತ್ತಿರುವ ಪರೀಕ್ಷೆಗಳಲ್ಲಿ ಕಾಗದ ತೋರಿಸದ ಕೊಂಡಿಯೂ ಸಿಗಬಹುದು.

ತುಳುನಾಡಿನ ಮನೆಗಳಲ್ಲಿ ಮರೆತ ನೆಂಟರು ಎದ್ದುಬರುವ ಇನ್ನೊಂದು ಸಂದರ್ಭವಿದೆ. ಮನೆಯಲ್ಲಿ ಮದುವೆ ಮುಂದೆ ಹೋಗುತ್ತಿದೆ, ಕಾಯಿಲೆ ಕೈಬಿಡುತ್ತಿಲ್ಲ ಎಂದಾಗ ಊರಿನ ಕುಟುಂಬದ ಮನೆಯಲ್ಲಿ ಅಷ್ಟಮಂಗಲ ಪ್ರಶ್ನೆ ಇಡುತ್ತಾರೆ. ಮುಂಬಯಿಯವರೂ ರಜೆ ಹಾಕಿ ಬಂದು ಚಾವಡಿಯಲ್ಲಿ ಕೂತಿರುತ್ತಾರೆ. ಜೋಯಿಸರು ಕವಡೆ ಸರಿಸಿ, "ನಿಮ್ಮಲ್ಲಿ ಒಬ್ಬರು ಮನೆ ಬಿಟ್ಟು ಹೋಗಿ ಹೊರಗೆ ತೀರಿಕೊಂಡಿದ್ದಾರೆ, ಅವರಿಗೆ ಏನೂ ಮಾಡಿಲ್ಲ" ಎನ್ನುತ್ತಾರೆ. ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ಆಮೇಲೆ ಹಿರಿಯ ಹೆಂಗಸೊಬ್ಬರು ಮೆಲ್ಲಗೆ ಒಂದು ಹೆಸರು ಹೇಳುತ್ತಾರೆ. ಮಕ್ಕಳು ಮೊಮ್ಮಕ್ಕಳು ಅದನ್ನು ಕೇಳುವುದು ಅದೇ ಮೊದಲು. ಆತ ಯಾಕೆ ಹೋದ, ಯಾರೊಡನೆ ಹೋದ ಎಂಬುದೆಲ್ಲ ಅಡುಗೆಮನೆಯಲ್ಲಿ ತುಂಡು ತುಂಡಾಗಿ ಹೊರಬೀಳುತ್ತದೆ. ಜೋಯಿಸರ ಮಾತನ್ನು ನಂಬದವರೂ ಆ ಹೆಸರನ್ನು ಬರೆದುಕೊಳ್ಳಬಹುದು. ಮದುವೆಯಾಗದೆ ತೀರಿಕೊಂಡವರಿಗೆ ಮಾಡುವ ಕುಲೆ ಮದುವೆಯಲ್ಲೂ ಹೀಗೆಯೇ, ಹಸುಳೆಯಾಗಿದ್ದಾಗಲೇ ಹೋದವರ ನೆನಪು ಕುಟುಂಬಕ್ಕೆ ಮರಳುತ್ತದೆ.

ಘಟ್ಟದ ಮೇಲಿನವರಿಗೆ ಹೆಳವರಿದ್ದರು, ಈಗಲೂ ಇದ್ದಾರೆ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು, ಒಕ್ಕಲಿನ ಮನೆಯ ಮುಂದೆ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಒಪ್ಪಿಸಿ, ಕಾಳು, ಬಟ್ಟೆ, ಹಣ ಪಡೆದು ಹೋಗುವ ವೃತ್ತಿ ಅವರದು. ಅವರ ಹೊತ್ತಗೆಯಲ್ಲಿ ಕುಟುಂಬ ಯಾವ ಊರಿನಿಂದ, ಯಾವ ಜಗಳಕ್ಕೆ ಎದ್ದು ಬಂತು ಎಂಬುದೂ ಇರುತ್ತದೆ. ಆದರೆ ಕೊಡುವ ಮನೆಯ ಅಂಗಳದಲ್ಲಿ ನಿಂತು ಓದುವವರು ಅವರು. ಹಿರಿಯರ ಹೊಗಳಿಕೆಗೆ ಕೊರತೆಯಿರುವುದಿಲ್ಲ. ಸರ್ಕಾರಿ ಕಾಗದವೂ ಇದಕ್ಕೆ ಹೊರತಲ್ಲ. 1850ರ ದಶಕದಲ್ಲಿ ಇನಾಮ್ ಕಮಿಷನ್ ಬೊಂಬಾಯಿ ಪ್ರಾಂತದ ದೇಸಾಯಿ, ಕುಲಕರ್ಣಿ, ಇನಾಮದಾರರನ್ನು ಹಕ್ಕಿನ ದಾಖಲೆ ಕೇಳಿತು. ಜಮೀನು ಉಳಿಸಿಕೊಳ್ಳಲು ಸಲ್ಲಿಸಿದ ವಂಶಾವಳಿಯಲ್ಲಿ ದಾನ ಪಡೆದ ಪೂರ್ವಜ ಎದ್ದು ಕಾಣುತ್ತಾನೆ, ಪಾಲು ಕೇಳಬಹುದಾದ ದಾಯಾದಿ ಮಾಯವಾಗಿರುತ್ತಾನೆ.

ಮುಂಬಯಿಯಿಂದ ನಾಸಿಕಕ್ಕೆ, ತ್ರ್ಯಂಬಕೇಶ್ವರಕ್ಕೆ ಹೋದವರಿಗೆ ಸಿಗುವ ದಾಖಲೆ ಇದಕ್ಕಿಂತ ನೇರವಾದದ್ದು. ಅಲ್ಲಿನ ತೀರ್ಥ ಪುರೋಹಿತರು ಊರು ಮತ್ತು ಕುಲನಾಮ ಕೇಳಿ, ಕೆಂಪು ಬಟ್ಟೆ ಸುತ್ತಿದ ಉದ್ದನೆಯ ವಹಿಯನ್ನು ಬಿಚ್ಚುತ್ತಾರೆ. ಶ್ರಾದ್ಧಕ್ಕೋ ಅಸ್ಥಿ ಬಿಡಲೋ ಬಂದ ಹಿರಿಯ ತನ್ನ ಕೈಯಾರೆ ಬರೆದ ಸಾಲು ಅದರಲ್ಲಿದ್ದರೂ ಇರಬಹುದು. ತನ್ನ ಹೆಸರು, ತಂದೆ, ಅಜ್ಜ, ಅಣ್ಣತಮ್ಮಂದಿರು, ಮಕ್ಕಳು. ಕನ್ನಡದವರ ಸಹಿ ಕೆಲವೊಮ್ಮೆ ಮೋಡಿ ಲಿಪಿಯಲ್ಲಿ, ಕೆಲವೊಮ್ಮೆ ಕನ್ನಡದಲ್ಲಿ. ಶಾಯಿ ಕಂದಿದ ಆ ಸಾಲಿನ ಕೆಳಗೆ ಬಂದವನೂ ತನ್ನ ಹೆಸರು ಬರೆದು ಸಹಿ ಹಾಕಬೇಕು.

ಇಷ್ಟೆಲ್ಲ ದಾಖಲೆಗಳಲ್ಲಿ ಕುಖ್ಯಾತರು ಎಲ್ಲಿ? ಕರಾವಳಿಯ ಮೂರು ಹೆಸರುಗಳನ್ನು ನೋಡಿದರೆ ಸಾಕು. 1844ರಲ್ಲಿ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಬಾಸೆಲ್ ಮಿಷನ್ನಿನ ಮೋಗ್ಲಿಂಗ್‌ರಿಂದ ದೀಕ್ಷಾಸ್ನಾನ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಬಂದ ಅವರು ಜರ್ಮನ್ ಹೆಣ್ಣನ್ನು ಮದುವೆಯಾದರು. ಬಿಟ್ಟುಬಂದ ಮನೆಯವರ ಪಾಲಿಗೆ ಅವರು ಇಲ್ಲವಾದವರು.

ಎರಡನೆಯವರು ಕಾಸರಗೋಡಿನ ಕುದ್ಮುಲಿನಲ್ಲಿ 1859ರಲ್ಲಿ ಹುಟ್ಟಿದ ರಂಗರಾವ್. ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಅವರಿಗೆ ಸ್ವಂತ ಜಾತಿ ಬಹಿಷ್ಕಾರ ಹಾಕಿತು. ಮಗಳು ರಾಧಾಬಾಯಿ ತಮಿಳುನಾಡಿನ ಜಮೀನ್ದಾರ ಡಾ. ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು, ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕೂತರು. ಒಬ್ಬ ಮೊಮ್ಮಗ ಜನರಲ್ ಪಿ. ಪಿ. ಕುಮಾರಮಂಗಲಂ ಭೂಸೇನೆಯ ಮುಖ್ಯಸ್ಥ, ಇನ್ನೊಬ್ಬ ಮೋಹನ್ ಕುಮಾರಮಂಗಲಂ ಕೇಂದ್ರ ಮಂತ್ರಿ. ಮಂಗಳೂರಿನ ಪುರಭವನಕ್ಕೆ ಇಂದು ಕುದ್ಮುಲ್ ರಂಗರಾಯರದೇ ಹೆಸರು. ಅಂದು ಅವರ ಮನೆಯಲ್ಲಿ ನೀರು ಮುಟ್ಟದವರ ಮರಿಮಕ್ಕಳು ಈಗ ನಂಟಿನ ಎಳೆ ಹುಡುಕುವಂತಾಗಿದೆ.

ಮೂರನೆಯದು ಒಬ್ಬರ ಕಥೆಯಲ್ಲ. 1837ರ ಏಪ್ರಿಲ್‌ನಲ್ಲಿ ಸುಳ್ಯ ಸೀಮೆಯಿಂದ ಹೊರಟ ರೈತರ ದಂಡು ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಆಳಿತು. ಕಂಪನಿ ಸರ್ಕಾರ ನಾಯಕರನ್ನು ಗಲ್ಲಿಗೇರಿಸಿತು. ಜನರ ಬಾಯಲ್ಲಿ ಉಳಿದದ್ದು ದಂಡಿನ ನಾಯಕನ ಹೆಸರಿನ 'ಕಲ್ಯಾಣಪ್ಪನ ಕಾಟಕಾಯಿ', ಅಂದರೆ ಲೂಟಿ. ತಲೆಮಾರುಗಟ್ಟಲೆ ಕಾಟಕಾಯಿಯವರ ಮನೆ ಎನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಈಗ ಅದೇ ಘಟನೆ ಅಮರ ಸುಳ್ಯದ ಸ್ವಾತಂತ್ರ್ಯ ಸಮರ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಆ ದಂಡಿನ ಇನ್ನೊಬ್ಬ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು.

ಒಬ್ಬರದೇ ಆಯುಷ್ಯದಲ್ಲಿ ಈ ಏರಿಳಿತ ಕಂಡದ್ದು ಜಾರ್ಜ್ ಫೆರ್ನಾಂಡಿಸ್. ಮಂಗಳೂರಿನಿಂದ ಬಂದು ಮುಂಬಯಿಯ ಟ್ಯಾಕ್ಸಿ, ಮುನಿಸಿಪಾಲಿಟಿ ಕಾರ್ಮಿಕರನ್ನು ಸಂಘಟಿಸಿ, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಎಸ್. ಕೆ. ಪಾಟೀಲರನ್ನು ಸೋಲಿಸಿದರು. 1976ರಲ್ಲಿ ಬರೋಡಾ ಡೈನಮೈಟ್ ಮೊಕದ್ದಮೆಯ ಆರೋಪಿ, ಕೈಗೆ ಕೋಳ. 1977ರಲ್ಲಿ ಜೈಲಿನಿಂದಲೇ ಮುಜಫರಪುರದಿಂದ ಗೆದ್ದು ಮಂತ್ರಿ. ತುರ್ತುಪರಿಸ್ಥಿತಿಯಲ್ಲಿ ಪೊಲೀಸರು ಅವರ ತಮ್ಮ ಲಾರೆನ್ಸರನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. ಆ ದಿನಗಳಲ್ಲಿ ಜಾರ್ಜರ ನೆಂಟರೆಂದು ಹೇಳಿಕೊಳ್ಳುವುದಕ್ಕೂ, ಅವರು ರೈಲ್ವೆ ಮಂತ್ರಿಯಾಗಿ ಕೊಂಕಣ ರೈಲು ಯೋಜನೆಗೆ ಚಾಲನೆ ಕೊಟ್ಟ ಮೇಲೆ ಹೇಳಿಕೊಳ್ಳುವುದಕ್ಕೂ ವ್ಯತ್ಯಾಸ ಸಣ್ಣದಲ್ಲ.

ಹೊರದೇಶಗಳಲ್ಲೂ ಇದೇ ತಿರುವು. 1788ರಿಂದ 1868ರವರೆಗೆ ಬ್ರಿಟನ್ ಸುಮಾರು 1,62,000 ಕೈದಿಗಳನ್ನು ಆಸ್ಟ್ರೇಲಿಯಕ್ಕೆ ಸಾಗಿಸಿತು. ಅವರ ಮಕ್ಕಳು ಮರೆಮಾಚಿದ್ದನ್ನು ಮರಿಮಕ್ಕಳು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಎಲ್ಲ ಕಳಂಕಕ್ಕೂ ಇಂಥ ಬಿಡುಗಡೆಯಿಲ್ಲ. ಅಮೆರಿಕದ ನಟ ಬೆನ್ ಅಫ್ಲೆಕ್ ತಮ್ಮ ಪೂರ್ವಜನೊಬ್ಬ ಗುಲಾಮರ ಒಡೆಯನಾಗಿದ್ದ ಸಂಗತಿಯನ್ನು ವಂಶಶೋಧದ ಟೀವಿ ಕಾರ್ಯಕ್ರಮದಿಂದ ಬಿಡಿಸಿದ್ದು 2015ರಲ್ಲಿ ಸೋರಿಕೆಯಾದ ಇಮೇಲ್‌ಗಳಿಂದ ಬಯಲಾಗಿ ದೊಡ್ಡ ರಾದ್ಧಾಂತವಾಯಿತು. ಜೀತದಾಳುಗಳನ್ನು ಇಟ್ಟುಕೊಂಡಿದ್ದ ಹಿರಿಯರ ವಿಷಯದಲ್ಲಿ ನಮ್ಮ ಕಡೆಯ ವಂಶಾವಳಿಗಳೂ ಅಷ್ಟೇ ಜಾಣ. ಗುತ್ತಿನ ಎಕರೆ ಲೆಕ್ಕ ಸಿಗುತ್ತದೆ, ಗದ್ದೆಯಲ್ಲಿ ದುಡಿದ ಮೂಲದಾಳುಗಳ ಲೆಕ್ಕ ಸಿಗುವುದಿಲ್ಲ.

ಮನೆಯವರು ಹೇಳದೆ ಬಿಟ್ಟದ್ದನ್ನು ಹುಡುಕಿ ಬರೆಯುವ ಕೆಲಸವನ್ನು ಗಿರೀಶ ಕಾರ್ನಾಡರ ಮನೆಯಲ್ಲಿ ತಂದೆ ಮಗ ಇಬ್ಬರೂ ಮಾಡಿದರು. 1938ರಲ್ಲಿ ಮುಂಬಯಿಯ ಹತ್ತಿರದ ಮಾಥೇರಾನದಲ್ಲಿ ಹುಟ್ಟಿದ ಗಿರೀಶರ ತಾಯಿ ಕೃಷ್ಣಾಬಾಯಿ ಚಿಕ್ಕಂದಿನಲ್ಲೇ ವಿಧವೆ, ಒಬ್ಬ ಮಗನ ತಾಯಿ. ನರ್ಸ್ ಆಗಿ ದುಡಿದು, ಡಾ. ರಘುನಾಥ ಕಾರ್ನಾಡರನ್ನು ಆರ್ಯಸಮಾಜದ ವಿಧಿಯಲ್ಲಿ ಸದ್ದಿಲ್ಲದೆ ಮದುವೆಯಾದರು. ಆಗಿನ ಸಾರಸ್ವತರಿಗೆ ಅದು ಪಿಸುಮಾತಿನ ವಿಷಯ. ಇಳಿವಯಸ್ಸಿನಲ್ಲಿ ಆಕೆಯೇ ತನ್ನ ಕಥೆ ಬರೆದಿಟ್ಟರು. ಗಿರೀಶರ ಆತ್ಮಕಥೆ 'ಆಡಾಡತ ಆಯುಷ್ಯ' ಪುಣೆಯ ಡಾ. ಮಧುಮಾಲತಿ ಗುಣೆ ಎಂಬ ವೈದ್ಯೆಗೆ ಅರ್ಪಣೆ. ಈ ಮಗು ಬೇಡವೆಂದು ತಂದೆತಾಯಿ ಆಕೆಯ ಆಸ್ಪತ್ರೆಗೆ ಹೋಗಿದ್ದರಂತೆ, ವೈದ್ಯೆ ಅವತ್ತು ಬರಲಿಲ್ಲವಂತೆ, ಕಾದು ಕಾದು ವಾಪಸಾದರಂತೆ. ತಾಯಿ ಇದನ್ನು ಊಟದ ಮೇಜಿನಲ್ಲಿ ಮಾತಿಗೆ ಮಾತು ಬಂದಂತೆ ಹೇಳಿದ್ದು. ಗಿರೀಶರ ಮಗ ರಘು ಕಾರ್ನಾಡ್ ಹುಡುಕಿದ್ದು ತನ್ನ ತಾಯಿಯ ಕಡೆಯವರನ್ನು. ಅಜ್ಜಿಯ ಮನೆಯ ಫೋಟೊಗಳಲ್ಲಿದ್ದ ಮೂವರು ತರುಣರು ಎರಡನೆಯ ಮಹಾಯುದ್ಧದಲ್ಲಿ ತೀರಿಕೊಂಡವರು: ಒಬ್ಬ ವೈದ್ಯ, ಒಬ್ಬ ವಿಮಾನ ಚಾಲಕ, ಒಬ್ಬ ಎಂಜಿನಿಯರ್. ಬ್ರಿಟಿಷರ ಸೈನ್ಯದಲ್ಲಿ ಸತ್ತವರಿಗೆ ಸ್ವತಂತ್ರ ಭಾರತದಲ್ಲಿ ವೀರರ ಪಟ್ಟವಿರಲಿಲ್ಲ, ದ್ರೋಹಿಗಳ ಪಟ್ಟವೂ ಇರಲಿಲ್ಲ. 2015ರಲ್ಲಿ ಬಂದ ರಘು ಅವರ ಇಂಗ್ಲಿಷ್ ಪುಸ್ತಕ ಆ ಮೂವರದು.

ಹತ್ತಿರದ ಕಾಲಕ್ಕೆ ಬಂದರೆ ಕೈ ಹಿಡಿತದಲ್ಲಿರಬೇಕು. 1980 ಮತ್ತು 90ರ ದಶಕಗಳಲ್ಲಿ ಮುಂಬಯಿಯ ಅಪರಾಧ ವರದಿಗಳಲ್ಲಿ ಶೆಟ್ಟಿ, ಪೂಜಾರಿ, ನಾಯಕ್ ಎಂಬ ಹೆಸರುಗಳು ಗ್ಯಾಂಗಿನ ಕಡೆಯೂ ಪೊಲೀಸರ ಕಡೆಯೂ ಬಂದವು. ಆ ಹೆಸರುಗಳಿರುವ ಕುಟುಂಬಗಳು ಲೆಕ್ಕವಿಲ್ಲದಷ್ಟು. ಕುಲನಾಮ ಕಂಡ ಮಾತ್ರಕ್ಕೆ ನಂಟು ಕಟ್ಟುವುದು ಪಡುಕೋಣೆಯ ವಿಷಯದಲ್ಲಿ ಬರೀ ತಮಾಷೆ. ಇಲ್ಲಿ ಅದರಿಂದ ಬದುಕಿರುವವರ ಮದುವೆ, ನೌಕರಿಗಳಿಗೆ ಪೆಟ್ಟು ಬೀಳುತ್ತದೆ.

ಹುಡುಕಾಟಕ್ಕೆ ಹೊರಡುವವರಿಗೆ ದಫ್ತರುಗಳ ಭೂಗೋಳ ಗೊತ್ತಿರಬೇಕು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನಿಂದ ಬೊಂಬಾಯಿ ಪ್ರಾಂತಕ್ಕೆ ಬಂತು. ಧಾರವಾಡ, ಬೆಳಗಾವಿ, ಬಿಜಾಪುರಗಳೂ 1956ರವರೆಗೆ ಬೊಂಬಾಯಿಯವೇ. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಹೀಗಾಗಿ ಕುಮಟಾದ ಮನೆತನದ ಕಾಗದಗಳು ಕಾಲಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಸಿಗಬಹುದು. ಕಾಂದಿವಲಿಯಲ್ಲಿ ಮನೆ ಮಾಡಿರುವ ಕುಂದಾಪುರದವರು ಚೆನ್ನೈಯ ಎಗ್ಮೋರಿನ ಪತ್ರಾಗಾರಕ್ಕೆ ಹೋಗಲು ರೈಲು ಹತ್ತಬೇಕು. ಎರಡೂ ಕಡೆ ಹತ್ತೊಂಬತ್ತನೆಯ ಶತಮಾನದ ಸಾಮಾನ್ಯ ರೈತ, ಬೆಸ್ತ, ಕುಶಲಕರ್ಮಿಯ ಹೆಸರು ವಿವರವಾಗಿ ಬರುವುದು ಆತ ತಕರಾರಿಗೆ ಸಿಕ್ಕಾಗ. ತೆರಿಗೆ ಕೊಡದಾಗ, ಹೊಡೆದಾಟದಲ್ಲಿ ಸಾಕ್ಷಿಯಾದಾಗ, ಸೆರೆಯಾದಾಗ. ತಂದೆಯ ಹೆಸರು, ವಯಸ್ಸು, ಊರು, ಕಸುಬು, ಅವನದೇ ಹೇಳಿಕೆ, ಎಲ್ಲವನ್ನೂ ಗುಮಾಸ್ತ ಬರೆದುಕೊಂಡಿರುತ್ತಾನೆ. ಮರ್ಯಾದೆಯಾಗಿ ಬಾಳಿ ಸತ್ತವನಿಗೆ ಕಂದಾಯದ ಪಟ್ಟಿಯಲ್ಲಿ ಒಂದು ಸಾಲು.

ಅವನ ಹೆಂಡತಿಗೆ ಅದೂ ಇಲ್ಲ. ಅವಳ ಹೆಸರು ಉಳಿದಿದ್ದರೆ ಮನೆಯ ಹಿರಿಯರ ನೆನಪಿನಲ್ಲಿ. ಊರು ಬಿಟ್ಟು ಹಡಗಿನಲ್ಲಿ ಮುಂಬಯಿಗೆ ಬಂದವರ ಮಕ್ಕಳು ಈಗ ಎಂಬತ್ತು ದಾಟಿದ್ದಾರೆ. ಬೋರಿವಲಿ, ಮುಲುಂಡ್, ಡೊಂಬಿವಲಿಯ ಫ್ಲ್ಯಾಟುಗಳಲ್ಲಿರುವ ಇವರಲ್ಲಿ ಹೆಂಗಸರಿಗೆ ಅಮ್ಮನ, ಅಜ್ಜಿಯ, ಅತ್ತೆಯಂದಿರ ತವರಿನ ಹೆಸರುಗಳು ಗೊತ್ತಿವೆ. ಯಾರ ಬಗ್ಗೆ ಮನೆಯಲ್ಲಿ ಮಾತಾಡಬಾರದಿತ್ತು ಎಂಬುದೂ ಗೊತ್ತಿದೆ. ಎಗ್ಮೋರಿನ ಟಿಕೆಟ್ಟು ತೆಗೆಸುವ ಮೊದಲು ಅವರ ಹತ್ತಿರ ಒಂದು ಮಧ್ಯಾಹ್ನ ಕೂತು, ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, ಗಂಡಸರ ಹೆಸರುಗಳನ್ನು ಕೊನೆಗೆ ಕೇಳುವುದು ಒಳ್ಳೆಯದು.